ಹೌಸಾಬಾಯಿ ಕಟ್ಟಿದ ಸುಳ್ಳು ಮೀನು

ಹೌಸಾಬಾಯಿ ಸಾಧು ಹೆಂಗಸು ಎಂದು ಹೇಳಿದರೆ ಮಿರಜದ ನಮ್ಮ ಓಣಿಯಲ್ಲಿ ಯಾರೂ ನಂಬುವುದಿಲ್ಲ. ಅವಳ ಬಾಯಿ ಬೊಂಬಾಯಿ. ಇಪ್ಪತ್ತೆಂಟು ವರ್ಷ ಗುರುಬಸಪ್ಪನವರ ದಾರದ ಅಂಗಡಿಯ ಕಟ್ಟೆಯ ಮೇಲೆ ಕೂತು ಎತ್ತಿನ ಕೊಂಬಿಗೆ, ಮದುಮಕ್ಕಳ ಬಾಸಿಂಗಕ್ಕೆ ಗೊಂಡೆ ಕಟ್ಟಿದವಳು. ಕಾಲಿನ ಹೆಬ್ಬೆರಳಿಗೆ ದಾರ ಸಿಕ್ಕಿಸಿಕೊಂಡು ಕೈಯಿಂದ ಸುತ್ತುತ್ತಿದ್ದಳು, ಬಾಯಿಂದ ಮಾಲೀಕರನ್ನು ಬೈಯುತ್ತಿದ್ದಳು. ಮಾಲೀಕರೂ ಕಡಿಮೆಯವರಲ್ಲ. ಎದುರಿನ ಹೊಲಿಗೆ ಅಂಗಡಿಯಲ್ಲಿ ಕೂತ ನನಗೆ ರೇಡಿಯೋ ಬೇಕಾಗಿರಲಿಲ್ಲ.

ಅವಳ ಚಹಾದ ಗ್ಲಾಸು ಅಂಗಡಿಗೆ ಅಂಟಿದ ಮಾಲೀಕರ ಮನೆಯ ಕಿಟಕಿಯ ಹೊರಗಿನ ಗೂಡಿನಲ್ಲಿರುತ್ತಿತ್ತು. ಮನೆಯವರೆಲ್ಲ ಸ್ಟೀಲಿನ ಲೋಟದಲ್ಲಿ ಕುಡಿಯುವರು, ಅವಳಿಗೆ ಮಾತ್ರ ಗಾಜಿನದು. ಮಾಲೀಕರ ಹೆಂಡತಿ ಗಿರಿಜಾಬಾಯಿ ತಾಗದ ಹಾಗೆ ಮೇಲಿನಿಂದ ಸುರಿಯುವರು. ಕುಡಿದು ತೊಳೆದು ಮತ್ತೆ ಅಲ್ಲೇ ಇಡುವುದು ಹೌಸಾಬಾಯಿಯ ಪಾಲು. ಇದನ್ನು ನಾನು ದಿನಾ ನೋಡಿದೆ, ಒಂದು ದಿನವೂ ಏನೂ ಅನ್ನಲಿಲ್ಲ. ನನಗೆ ಅದೇ ಅಂಗಡಿಯಿಂದ ದಾರ ಬರಬೇಕಿತ್ತು.

ಹೋದ ವರ್ಷ ದಸರಾ ಮುಗಿದ ವಾರ ಗುರುಬಸಪ್ಪನವರು ಹೊರಗೆ ಬಂದು ನಿಂತರು.

"ಗೊಂಡೆ ಈಗ ಸೂರತ್‌ನಿಂದ ರೆಡಿ ಬರ್ತಾವ. ದೀಪಾವಳಿ ಆದಮ್ಯಾಲ ಕಟ್ಟಿ ಖಾಲಿ ಮಾಡು. ಇಲ್ಲಿ ಲೇಸಿನ ಸ್ಟ್ಯಾಂಡ್ ಇಡಾವರದೇವಿ."

"ಸ್ಟ್ಯಾಂಡ್ ಎದುರ ಮಾತಾಡೂದಿಲ್ಲ. ಅದಕ್ಕ ನಿಮಗ ಅದು ಸೇರತೈತಿ," ಎಂದಳು ಹೌಸಾಬಾಯಿ.

ಮಾತು ಗಟ್ಟಿಯಾಗಿಯೇ ಬಂತು, ಆದರೆ ಅವಳ ಕೈ ನಿಂತಿತ್ತು. ಗಿರಾಕಿಗಳಿಗೆ ಅವಳ ಮನೆ ಗೊತ್ತಿಲ್ಲ, ಕಟ್ಟೆ ಗೊತ್ತು. ಕಟ್ಟೆ ಹೋದರೆ ಅನ್ನವೂ ಹೋದ ಹಾಗೆ.

ಆಗ ಅಡ್ಡ ಬಂದದ್ದು ಮಾಲೀಕರ ಮಗ ಪ್ರಥಮೇಶ. ಅವನಿಗೆ ಸಮುದ್ರದ ಹುಚ್ಚು. ಗೆಳೆಯ ಅಮರನ ಜೊತೆ ಮಾಲವಣಕ್ಕೆ ಹೋಗಿ ಗಾಳ ಹಾಕುತ್ತಾನೆ, ಹಿಡಿದ ಮೀನನ್ನು ಮತ್ತೆ ನೀರಿಗೇ ಬಿಡುತ್ತಾನೆ. ತಿನ್ನುವುದಿಲ್ಲ ಎಂಬ ಒಂದೇ ಮಾತಿನ ಮೇಲೆ ಲಿಂಗ ಕಟ್ಟಿದ ಆ ಮನೆಯಲ್ಲಿ ಇದು ನಡೆದಿತ್ತು. ಇವರ ಗಾಳಕ್ಕೆ ಹುಳ ಚುಚ್ಚುವುದಿಲ್ಲ. ಕೊಕ್ಕೆಯ ಮೇಲೆ ಗರಿ, ಕೂದಲು, ಜರಿ ಕಟ್ಟಿ ಸಣ್ಣ ಮೀನಿನ ವೇಷ ಹಾಕುತ್ತಾರೆ, ಅದಕ್ಕೆ ಫ್ಲೈ ಎನ್ನುತ್ತಾರೆ. ದೊಡ್ಡ ಮೀನು ಆ ಸುಳ್ಳನ್ನು ನಂಬಿ ನುಂಗಬೇಕು. ಪೇಟೆಯಿಂದ ತರಿಸಿದವು ಉಪ್ಪುನೀರಿನಲ್ಲಿ ನಾಲ್ಕು ಎಸೆತಕ್ಕೆ ಬಿಚ್ಚಿಕೊಂಡಿದ್ದವು.

"ಹೌಸಾ ಮಾವಶಿ, ನಿಮ್ಮ ಗಂಟು ಬಿಚ್ಚೂದಿಲ್ಲ. ನೀವ ಕಟ್ಟಿಕೊಡ್ರಿ," ಎಂದ ಪ್ರಥಮೇಶ, ಅವಳನ್ನು ಚಿಕ್ಕಮ್ಮನೆಂದೇ ಕರೆಯುವವನು.

ಅಂಗಡಿ ತಮ್ಮದು, ಆದ್ದರಿಂದ ಬುದ್ಧಿಯೂ ತಮ್ಮದೇ ಎಂದು ಗುರುಬಸಪ್ಪನವರು ನಡುವೆ ಬಾಯಿ ಹಾಕಿದರು. "ಮೈಯೆಲ್ಲಾ ಕಪ್ಪು ಹಸರು ಕಟ್ಟು. ಸಾಂಗಲಿ ಸೇತುವೆ ಮ್ಯಾಲ ನಿಂತು ಸಣ್ಣಂದಿನಿಂದ ನೋಡೇನಿ. ಮೀನ ಅಂದ್ರ ಕಪ್ಪ."

"ನೀವು ಮ್ಯಾಲಿಂದ ನೋಡೀರಿ. ತಿನ್ನಾಕ ಬರೂ ಮೀನ ಸೇತುವೆ ಮ್ಯಾಲ ನಿಂತಿರತೈತೇನ್ರಿ? ಅದು ಕೆಳಗಿಂದ ನೋಡತೈತಿ. ಹೊಟ್ಟಿ ಬಿಳೇದ ಬೇಕು."

"ಹೊಟ್ಟಿ ವಿಚಾರ ನಿನಗ ಗೊತ್ತಿರೂದ ಬಿಡು. ದಿನಾ ಮೀನ ಸೀಳಾಕಿ."

ಹೌಸಾಬಾಯಿ ಅವತ್ತು ಜಗಳ ಬೆಳೆಸದೆ ಎದ್ದು ಹೋದಳು. ನನಗೆ ಭಯವಾದದ್ದು ಅದಕ್ಕೇ.

ಮರುದಿನ ಬೆಳಿಗ್ಗೆ ಕೃಷ್ಣಾ ಘಾಟಿನಿಂದ ಡಬ್ಬಿಯಲ್ಲಿ ಬೆರಳುದ್ದದ ಒಂದು ಜೀವಂತ ಮೀನು ತಂದಳು. ಗೂಡಿನಿಂದ ತನ್ನ ಗ್ಲಾಸು ತೆಗೆದು, ನೀರು ತುಂಬಿ, ಅದರೊಳಗೆ ಬಿಟ್ಟಳು. ಗಿರಿಜಾಬಾಯಿ ಸೆರಗಿನಿಂದ ಮೂಗು ಮುಚ್ಚಿಕೊಂಡು ಬಾಗಿಲಿಗೆ ಬಂದರು.

"ನಿಮ್ಮ ಲೋಟ ಭಾಂಡೆ ಮುಟ್ಟಿಲ್ರಿ ಬಾಯಿ. ಇದು ಹೊರಗಿನ ಗ್ಲಾಸ. ಇದರಾಗ ಏನ ಬಿಟ್ರೂ ನಿಮಗ ಮೈಲಿಗಿ ಆಗೂದಿಲ್ಲಲ್ಲ?"

ಅಷ್ಟು ಹೇಳಿ ಗ್ಲಾಸನ್ನು ಗುರುಬಸಪ್ಪನವರ ತಲೆಗಿಂತ ಮೇಲೆ ಎತ್ತಿ ಹಿಡಿದಳು. ಅವರು ಬೈಯಲು ಬಾಯಿ ತೆರೆದವರು ಹಾಗೇ ಮೇಲೆ ನೋಡಿದರು. ಅರವತ್ತೆರಡು ವರ್ಷದ ಮನುಷ್ಯ ಅವತ್ತೇ ಮೊದಲು ಮೀನಿನ ಹೊಟ್ಟೆ ಕಂಡದ್ದು. ಬಿಸಿಲಿನಲ್ಲಿ ಅದು ಬೆಳ್ಳಿಯ ಬಿಳುಪು. ಕಂಡರೂ ಒಪ್ಪಿಕೊಳ್ಳುವ ಜಾತಿ ಅವರದಲ್ಲ.

"ನಾ ಹೇಳಿದ್ದ ಕಟ್ಟು," ಎಂದರು.

ಕಡೆಗೆ ಪ್ರಥಮೇಶನೇ ತೀರ್ಮಾನಿಸಿದ: ಅಪ್ಪ ಹೇಳಿದ ಹಾಗೆ ಹನ್ನೆರಡು, ಮಾವಶಿ ಹೇಳಿದ ಹಾಗೆ ಹನ್ನೆರಡು. ಮಾವಶಿಯದನ್ನು ಮೀನು ಕಚ್ಚಿದರೆ ಕಟ್ಟೆ ಅವಳದು. ನನ್ನನ್ನು ಸಾಕ್ಷಿಗೆ ಕರೆದರು. ಗುರುಬಸಪ್ಪನವರು ಹೂಂ ಎಂದರು, ನಾನೂ ಹೂಂ ಎಂದೆ.

ಇಕ್ಕಳದ ಬಾಯಲ್ಲಿ ಕೊಕ್ಕೆ ಕಚ್ಚಿಸಿ, ಇಕ್ಕಳವನ್ನು ಪಾದದಡಿ ಒತ್ತಿಕೊಂಡು ಅವಳು ಕಟ್ಟಿದಳು. ಹುಂಜದ ಗರಿ ನೆನೆದರೆ ಕಡ್ಡಿಯಾಗುತ್ತದೆ ಎಂದು ಬಿಸಾಡಿ ಬಿಳಿ ಆಡಿನ ಕೂದಲು ತಂದಳು. ಕೆಳಗೆ ಬಿಳುಪು, ಪಕ್ಕಕ್ಕೆ ಎರಡೆಳೆ ಬೆಳ್ಳಿ ಜರಿ, ಬೆನ್ನಿಗೆ ತೆಳ್ಳಗೆ ಹಸಿರು, ಕಣ್ಣಿಗೆ ಕರಿಮಣಿ. ಒಂದೊಂದನ್ನೂ ಗ್ಲಾಸಿನ ನೀರಿನಲ್ಲಿ ಇಳಿಬಿಟ್ಟು ಆ ಜೀವಂತ ಮೀನಿನ ಪಕ್ಕದಲ್ಲಿ ನೋಡುವಳು. ಮಗುಚಿಕೊಂಡದ್ದನ್ನು ಬಿಚ್ಚಿ ಮತ್ತೆ ಕಟ್ಟುವಳು. ಮಾಲೀಕರ ಹನ್ನೆರಡನ್ನೂ ಅಷ್ಟೇ ಬಿಗಿಯಾಗಿ ಕಟ್ಟಿದಳು. ಸಿಟ್ಟನ್ನು ಗಂಟಿನಲ್ಲಿ ತೋರಿಸಿದವಳಲ್ಲ. ಸಂಜೆ ಮೀನನ್ನು ಘಾಟಿಗೆ ಬಿಟ್ಟು ಬಂದಳು.

ಐದನೆಯ ದಿನ ಪ್ರಥಮೇಶ ಮಾಲವಣದಿಂದ ಬಂದು ಅಪ್ಪನ ದುಡ್ಡಿನ ಗಲ್ಲೆಯ ಮೇಲೆ ಡಬ್ಬಿ ತೆರೆದ. ಹೌಸಾಬಾಯಿಯವು ಒಂಬತ್ತು ಉಳಿದಿದ್ದವು. ಕೂದಲು ಹರಿದು, ಜರಿ ಕಿತ್ತು, ಹಲ್ಲಿನ ಗುರುತು ಮೂಡಿತ್ತು. ಗಂಟು ಒಂದೂ ಬಿಚ್ಚಿರಲಿಲ್ಲ. ಮೂರನ್ನು ಮೀನು ದಾರ ಹರಿದು ಒಯ್ದಿತ್ತು.

"ನಿಮ್ಮವು ಹ್ಯಾಂಗ ಹೋಗಿದ್ವು ಹಂಗ ಬಂದಾವ ಅಪ್ಪಾ," ಎಂದ.

ಗುರುಬಸಪ್ಪನವರು ಡಬ್ಬಿಯ ಮುಚ್ಚಳ ಹಾಕಿದರು. "ಮಾತಂದ್ರ ಮಾತು. ಕಟ್ಟಿ ನಿಂದ," ಎಂದರು.

ಆ ಮಧ್ಯಾಹ್ನವೇ ಗಿರಿಜಾಬಾಯಿ ಕಟ್ಟೆಯ ಮೇಲೆ ಕಾಗದದ ಕಪ್ ಇಟ್ಟು ಮೇಲಿನಿಂದ ಚಹಾ ಸುರಿದರು. "ಆ ಗ್ಲಾಸಿನ್ಯಾಗ ಮೀನ ಇಟ್ಟಿದ್ದಿ. ಇನ್ನಮ್ಯಾಲ ಇದ. ಕುಡುದು ಒಗದುಬಿಡು."

ಹೌಸಾಬಾಯಿ ಕುಡಿಯಲಿಲ್ಲ. ಚಹಾ ಆರಿ ಕೆನೆಗಟ್ಟಿತು. ಗೆದ್ದ ದಿನ ಅವಳ ಮುಖ ಅಷ್ಟು ಕಪ್ಪಿಟ್ಟದ್ದನ್ನು ನಾನು ನೋಡಿದೆ. ಆದರೂ ಸೂಜಿಯ ಕಡೆಗೇ ಕಣ್ಣು ಹಾಕಿದೆ.

ಮರುದಿನ ಅಮರ ಇಬ್ಬರು ಗೆಳೆಯರನ್ನು ಕರೆದುಕೊಂಡು ಬಂದ. ಎಲ್ಲರಿಗೂ ಬಿಳಿ ಹೊಟ್ಟೆಯವೇ ಬೇಕಿದ್ದವು. ಗುರುಬಸಪ್ಪನವರು ನಗುತ್ತ, "ನಮ್ಮ ಅಂಗಡಿ ಮಾಲ ಅಂದ್ರ ಹಂಗ," ಎನ್ನುತ್ತಿದ್ದರು. ಹೌಸಾಬಾಯಿ ಚೀಲದಿಂದ ಚಹಾದ ಕಿಟಲಿ ತೆಗೆದಳು, ಜೊತೆಗೆ ತನ್ನ ಮನೆಯ ಸ್ಟೀಲಿನ ಲೋಟಗಳು. ಅಮರನಿಗೆ ಕೊಟ್ಟಳು, ಅವನ ಗೆಳೆಯರಿಗೆ ಕೊಟ್ಟಳು, ಪ್ರಥಮೇಶನಿಗೆ ಕೊಟ್ಟಳು. ನಾಲ್ವರೂ ಕಟ್ಟೆಯ ಮೇಲೆ ಕೂತು ಕುಡಿದರು. ನನ್ನನ್ನು ಕರೆಯಲಿಲ್ಲ. ಕರೆಯಲು ಕಾರಣವೂ ಇರಲಿಲ್ಲ.

ಕೊನೆಯ ಲೋಟವನ್ನು ಮಾಲೀಕರ ಮುಂದೆ ಹಿಡಿದಳು. "ಕಾಕಾ, ಘ್ಯಾ ಕೀ," ಎಂದು ಅಮರ ಮರಾಠಿಯಲ್ಲಿ ತಗೊಳ್ಳುವಂತೆ ಒತ್ತಾಯ ಮಾಡಿದ.

"ನನಗ ಇವತ್ತ ಉಪಾಸ," ಎಂದರು ಗುರುಬಸಪ್ಪನವರು.

ಸೋಮವಾರ ಬಿಟ್ಟು ಬೇರೆ ದಿನ ಅವರು ಉಪವಾಸ ಮಾಡಿದ್ದನ್ನು ಓಣಿಯಲ್ಲಿ ಯಾರೂ ಕಂಡಿಲ್ಲ. ಅವತ್ತು ಬುಧವಾರ. ಪ್ರಥಮೇಶ ತಲೆ ತಗ್ಗಿಸಿದ.

"ಇರ್ಲಿ ಬಿಡ್ರಿ," ಎಂದು ಹೌಸಾಬಾಯಿ ಆ ಲೋಟವನ್ನು ಅವರ ಗಲ್ಲೆಯ ಮೇಲೆಯೇ ಇಟ್ಟು, ಕಟ್ಟೆಗೆ ಬಂದು ಕೂತು, ಇಕ್ಕಳವನ್ನು ಪಾದದಡಿ ಒತ್ತಿಕೊಂಡಳು. "ನಾಳೆ ಗುರುವಾರ. ನಾಳೇನೂ ನಾ ಇಲ್ಲೇ ಇರ್ತೀನಿ."