ಪೊರೆ ಬಿಟ್ಟ ಹವಳ

ನಿನ್ನೆ ಸಂಜೆ, ಮನೆಯ ತೊಟ್ಟಿಯಲ್ಲಿ ಬೆಳೆದು ಗಾಜಿಗೆ ಒತ್ತುತ್ತಿದ್ದ ಹವಳದ ಅಂಚನ್ನು ಬ್ಲೇಡಿನಿಂದ ಕತ್ತರಿಸಿದೆ. ಘಾಟು ವಾಸನೆಯೊಂದು ಕೈಗೆ ಅಂಟಿಕೊಂಡಿತು. ಸೋಪು ಹಾಕಿ ತೊಳೆದರೂ ಹೋಗಲಿಲ್ಲ. ಅದರ ಹಿಂದೆಯೇ ಪಕ್ಕದ ಮನೆಯ ಚಾಚಾ ನೆನಪಾದರು…

ಚಿತ್ರದುರ್ಗದ ನಮ್ಮ ಬೀದಿಯಲ್ಲಿ ಅವರು ಚರ್ಮದ ಚೀಲ, ಬೆಲ್ಟು ಹೊಲಿಯುತ್ತಿದ್ದರು. ಹೆಂಡತಿ ತೀರಿಕೊಂಡ ಮೇಲೆ ಪಡಸಾಲೆಯಲ್ಲಿ ಉಪ್ಪುನೀರಿನ ತೊಟ್ಟಿ ಇಟ್ಟುಕೊಂಡು ಹವಳ ಬೆಳೆಸುವ ಹುಚ್ಚು ಹತ್ತಿಸಿಕೊಂಡಿದ್ದರು. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುವವಳು. ಆದರೂ ಯಾವ ಹವಳ ಯಾವುದೆಂದು ಗುರುತಿಸಲು ಬರುತ್ತಿರಲಿಲ್ಲ.

"ಪುಸ್ತಕದ ಚಿತ್ರ ನೋಡಿದ್ರೆ ಆಗಲ್ಲ ಟೀಚರಮ್ಮ. ಮುಟ್ಟಿ ನೋಡ್ರಿ" ಎನ್ನುತ್ತಿದ್ದರು.

ಅವೆಲ್ಲ ಒಳಗೆ ಕಲ್ಲಿನ ಗೂಡಿಲ್ಲದ, ಹದ ಮಾಡಿದ ತೊಗಲಿನಂಥ ಮೆತ್ತನೆಯ ಹವಳಗಳು. ನುಣುಪಾದ ಕಾಂಡದ ಮೇಲೆ ಕೊಡೆ ಬಿಚ್ಚಿದ್ದರೆ ಅಣಬೆ ಹವಳ. ಬುಡದಲ್ಲಿ ದಪ್ಪ ಮರಳು ತುಂಬಿದಂತೆ ತರಿತರಿಯಾಗಿದ್ದು, ಮೇಲೆ ಕವಲೊಡೆದಿದ್ದರೆ ಬೆರಳು ಹವಳ. ಕಣ್ಣಿಗೆ ಪೊರೆ ಬಂದು ಎಲ್ಲ ಮಸುಕಾಗಿದ್ದರಿಂದ ಚಾಚಾಗೆ ಬೆರಳೇ ಕಣ್ಣಾಗಿತ್ತು.

ಒಮ್ಮೆ ಅಣಬೆ ಹವಳದ ಒಂದು ತುಂಡನ್ನು ನನಗೆ ಕೊಟ್ಟರು. ನಾನೂ ಮನೆಯಲ್ಲಿ ಸಣ್ಣದೊಂದು ಉಪ್ಪುನೀರಿನ ತೊಟ್ಟಿ ಮಾಡಿ ಅದರಲ್ಲಿ ಬಿಟ್ಟೆ. ತಿಂಗಳೊಪ್ಪತ್ತಿನಲ್ಲಿ ಅದು ಮುದುಡಿಕೊಂಡು, ಮೇಣ ಸವರಿದಂತೆ ಹೊಳೆಯತೊಡಗಿತು. ವಾರವಾದರೂ ಅರಳಲಿಲ್ಲ. ಎಸೆಯಲೆಂದು ಬಟ್ಟಲಲ್ಲಿ ಹಾಕಿಕೊಂಡು ಹೊರಬಂದೆ. ಚಾಚಾ ತಮ್ಮ ಬಾಗಿಲಲ್ಲೇ ಕೂತಿದ್ದರು.

"ಏನಮ್ಮ ಅದು?"

"ಸತ್ತೋಯ್ತು ಚಾಚಾ."

ಹೆಬ್ಬೆರಳಲ್ಲಿ ಒತ್ತಿ ನೋಡಿದರು. "ಎಲ್ಲಿ ಸತ್ತೈತೆ? ಸತ್ತಿದ್ರೆ ಕೈಯಾಗೇ ಕರಗೋದು. ಪೊರೆ ಬಿಡ್ತಾ ಐತೆ, ಅಷ್ಟೇ." ಆಮೇಲೆ ನಕ್ಕರು. "ನನ್ ಕಣ್ಣಿಗೂ ಪೊರೆ, ಇದಕ್ಕೂ ಪೊರೆ. ಇಬ್ರಿಗೂ ಸ್ವಲ್ಪ ಟೈಮ್ ಕೊಡ್ರಿ."

ಮತ್ತೆ ನನ್ನ ತೊಟ್ಟಿಗೇ ಬಿಟ್ಟೆ. ನಾಲ್ಕನೆಯ ದಿನ ಆ ಪೊರೆ ತೆಳುಬಟ್ಟೆಯಂತೆ ಕಳಚಿ ಹೋಯಿತು. ಕೊಡೆಯ ತುಂಬ ಸಣ್ಣ ಸಣ್ಣ ಹೂಗಳು.

ಆ ವರ್ಷವೇ ಅವರು ಕಣ್ಣಿನ ಆಪರೇಷನ್ನಿಗೆ ದಾವಣಗೆರೆಗೆ ಹೋದರು. ಮನೆಯ ಬೀಗದ ಕೈ ನನಗೆ ಕೊಟ್ಟಿದ್ದರು. ಎರಡು ದಿನ ನೋಡಿಕೊಂಡೆ. ಮೂರನೆಯ ದಿನ ಅಕ್ಕನ ಮೊಮ್ಮಗುವಿನ ನಾಮಕರಣಕ್ಕೆ ಮತ್ತೋಡು ಹಳ್ಳಿಗೆ ಹೋದವಳು ನಾಲ್ಕೈದು ದಿನ ಅಲ್ಲೇ ಉಳಿದುಬಿಟ್ಟೆ. ಅಷ್ಟರಲ್ಲಿ ಚಾಚಾ ಅವರ ತೊಟ್ಟಿಯ ನೀರು ತಿರುಗಿಸುವ ಪಂಪು ನಿಂತುಹೋಗಿತ್ತು. ವಾಪಸು ಬಂದು ಬಾಗಿಲು ತೆರೆದಾಗ ಕೊಳೆತ ನಾತ. ತೊಟ್ಟಿಯಲ್ಲಿ ಒಂದೂ ಉಳಿದಿರಲಿಲ್ಲ.

ಕಪ್ಪು ಕನ್ನಡಕ ಹಾಕಿಕೊಂಡು ಚಾಚಾ ಆಟೋ ಇಳಿದಾಗ, ಬಾಗಿಲಲ್ಲೇ ನಿಂತು ಎಲ್ಲ ಹೇಳಿದೆ. ಅವರು ಒಳಗೆ ಹೋಗಿ ಬರಿ ಗಾಜನ್ನು ಕೈಯಿಂದ ಸವರಿದರು. ಬೈದಿದ್ದರೇ ಚೆನ್ನಾಗಿತ್ತು…

"ನಿಮ್ಮನೇದು ಹೆಂಗೈತೆ?" ಎಂದರು ಕೊನೆಗೆ.

"ಚೆನ್ನಾಗೈತೆ ಚಾಚಾ."

"ಮತ್ತೆ ಯಾಕ್ ಅಳ್ತೀರಿ? ಎಲ್ಲಾ ಹೋಗಿಲ್ವಲ್ಲ. ಐತಲ್ಲ ಒಂದು."

ಹೊಸ ನೀರು ಹದವಾಗಲು ತಿಂಗಳು ಕಾದೆವು. ಆಮೇಲೆ ನನ್ನ ಹವಳದ ಅರ್ಧ ಕೊಡೆ ಕತ್ತರಿಸಿ ಅವರ ತೊಟ್ಟಿಯಲ್ಲಿ ನೆಟ್ಟೆವು. ಅದು ಅರಳಿದ ದಿನ ಚಾಚಾ ಗಾಜಿಗೆ ಮುಖ ತಾಗಿಸಿ ಬಹಳ ಹೊತ್ತು ನೋಡಿದರು.

"ಯಾ ಅಲ್ಲಾ, ಇಷ್ಟು ಹಳದಿ ಐತಾ ಇದು!"

ಅವರ ಮುಖದಲ್ಲಿ ಆವತ್ತು ಕಂಡ ಸಂತೋಷವನ್ನು ನಾನು ಮರೆತಿಲ್ಲ. ಮುಂದಿನ ಎಷ್ಟೋ ಸಂಜೆಗಳು ಆ ತೊಟ್ಟಿಯ ಮುಂದೆ ಚಹಾ ಕುಡಿಯುತ್ತ ಹಾಯಾಗಿ ಕಳೆದವು.

ಹೋದ ವರ್ಷ ಚಾಚಾ ತೀರಿಕೊಂಡರು. ತೊಟ್ಟಿ ಈಗ ಹಿರಿಯೂರಿನಲ್ಲಿ ಅವರ ಮಗಳ ಮನೆಯಲ್ಲಿದೆ. ಮೊನ್ನೆ ಅವಳು ಹೊಸದೊಂದು ಹವಳದ ಫೋಟೋ ಕಳಿಸಿ, "ಇದು ಯಾವುದು ಟೀಚರಮ್ಮ?" ಎಂದು ಕೇಳಿದಳು. ಬೆರಳು ಹವಳ ಇರಬೇಕು ಅನ್ನಿಸಿತು. ಯಾವುದಕ್ಕೂ ಚಾಚಾರನ್ನು ಒಂದು ಮಾತು ಕೇಳಿಬಿಡೋಣವೆಂದು ಫೋನು ಹಿಡಿದು ಎದ್ದೆ. ಚಪ್ಪಲಿ ಮೆಟ್ಟಿಕೊಂಡು ಅಂಗಳ ದಾಟಿದ ಮೇಲೆ, ಪಕ್ಕದ ಮನೆಗೆ ಬೀಗ ಹಾಕಿರುವುದು ಕಂಡಿತು.