ಹಿಂದಿ ಬಾರದ ಗೆಳತಿ

ಮಗಳಿಗೆ ನಾಲ್ಕು ವರ್ಷವಾಗಿದ್ದಾಗ ಮುಂಬೈಯ ಮುಲುಂಡಿನಲ್ಲಿದ್ದ ನಮ್ಮ ಮನೆಗೆ ಇನ್ನೊಬ್ಬಳು ಹುಡುಗಿ ಬಂದಳು. ಅವಳು ಕಾಣಿಸುತ್ತಿದ್ದದ್ದು ಮಗಳಿಗೆ ಮಾತ್ರ. ಬಾಲ್ಕನಿಯ ವಾಷಿಂಗ್ ಮಷೀನಿನ ಹಿಂದಿನ ಸಂದಿಯಲ್ಲಿ ಅವಳ ವಾಸ. ಹೆಸರೇನು ಅಂತ ಕೇಳಿದರೆ, ಹೆಸರಿಲ್ಲ, ಸುಮ್ಮನೆ 'ಅವಳು' ಅಂದರೆ ಸಾಕು ಎಂದು ಮಗಳು ಹೇಳಿದಳು.

ಆ ದಿನಗಳಲ್ಲಿ ನನಗೆ ಮಾತೇ ಕಡಿಮೆ. ಮದುವೆಯಾಗಿ ಮೈಸೂರಿನಿಂದ ಬಂದವಳು. ಹಿಂದಿ ಅರ್ಥವಾಗುತ್ತಿತ್ತು, ಬಾಯಿಗೆ ಬರುತ್ತಿರಲಿಲ್ಲ. ಬೆಳಿಗ್ಗೆ ಲೋಕಲ್ ಹಿಡಿದು ಹೋದ ಗಂಡ ಸುಸ್ತಾಗಿ ಮರಳಿ, ಊಟ ಮಾಡಿ, ಮೊಬೈಲ್ ನೋಡುತ್ತಾ ಮಲಗಿಬಿಡುತ್ತಿದ್ದರು. ಮಗಳು ಬಿಲ್ಡಿಂಗಿನ ಮಕ್ಕಳ ಜೊತೆ ಆಡಿ ಆಡಿ ಹಿಂದಿಯವಳೇ ಆಗಿದ್ದಳು. ನಾನು ಕನ್ನಡದಲ್ಲಿ ಏನು ಕೇಳಿದರೂ ಉತ್ತರ ಹಿಂದಿಯಲ್ಲೇ.

ಬಾಲ್ಕನಿಯ ಹುಡುಗಿಯ ಜೊತೆ ಮಾತ್ರ ಕನ್ನಡ. ಯಾಕೆ ಎಂದು ಕೇಳಿದೆ. ಆ ಹುಡುಗಿಯ ವಿಷಯ ಬಂದರೆ ನನಗೂ ಕನ್ನಡದಲ್ಲೇ ಉತ್ತರ.

"ಅವಳಿಗೆ ಹಿಂದಿ ಬರಲ್ಲಮ್ಮ. ಕೆಳಗೆ ಹೋದ್ರೆ ಯಾರೂ ಆಟಕ್ಕೆ ಸೇರಿಸ್ಕೊಳ್ಳಲ್ಲ. ಅದಕ್ಕೇ ಮನೇಲೇ ಇರ್ತಾಳೆ."

ನಾನು ಸಾರಿಗೆ ಒಗ್ಗರಣೆ ಹಾಕುತ್ತಿದ್ದೆ. ಸಾಸಿವೆ ಸೀದ ವಾಸನೆ ಬಂದ ಮೇಲೆಯೇ ನನಗೆ ಒಲೆಯ ನೆನಪಾದದ್ದು.

ಆಮೇಲೆ ಮಧ್ಯಾಹ್ನಗಳಲ್ಲಿ ಅಡುಗೆಮನೆ ಬಾಗಿಲ ಬಳಿ ಕೂತು ಅವರ ಮಾತು ಕೇಳುವುದು ರೂಢಿಯಾಯಿತು. ಮಗಳು ಅವಳಿಗೆ ಜಡೆ ಹಾಕುತ್ತಿದ್ದಳು, ಮೊಸರನ್ನ ತಿನ್ನಿಸುತ್ತಿದ್ದಳು, ಹಠ ಮಾಡಿದರೆ ಥೇಟ್ ನನ್ನ ಹಾಗೆ ಗದರುತ್ತಿದ್ದಳು. ಆ ಮನೆಯೊಳಗೆ ಅಷ್ಟು ಕನ್ನಡ ಕೇಳಿ ಎಷ್ಟೋ ಕಾಲವಾಗಿತ್ತು.

ಮಗು ಒಬ್ಬಳೇ ಮಾತಾಡುವುದನ್ನು ಕಂಡ ಎದುರು ಮನೆಯ ಅಜ್ಜಿ ಡಾಕ್ಟರಿಗೆ ತೋರಿಸು ಎಂದರು. ಹೆದರಿ ಕರೆದುಕೊಂಡು ಹೋದೆ. ಡಾಕ್ಟರಮ್ಮ ಮಗಳ ಜೊತೆ ಸ್ವಲ್ಪ ಹೊತ್ತು ಆಡಿದರು. ಇದು ಕಾಯಿಲೆಯಲ್ಲ, ಈ ವಯಸ್ಸಿನಲ್ಲಿ ಎಷ್ಟೋ ಮಕ್ಕಳು ಹೀಗೆ ಜೊತೆಗಾರರನ್ನು ಕಟ್ಟಿಕೊಳ್ಳುತ್ತಾರೆ, ಕಲ್ಪನೆ ಬೆಳೆಯುವುದೇ ಹೀಗೆ ಎಂದರು. ನಿಮಗೆ ಮಾತಾಡೋಕೆ ಯಾರಿದ್ದಾರೆ ಎಂದು ನನ್ನನ್ನೂ ಕೇಳಿದರು. ನಾನು ಮಗಳ ಚಪ್ಪಲಿ ಸರಿಮಾಡುತ್ತಾ ಬಗ್ಗಿಕೊಂಡೇ ಇದ್ದೆ.

ವಾಪಸು ಬರುವಾಗ ರಿಕ್ಷಾದಲ್ಲಿ ಮಗಳು ನನ್ನ ಕಿವಿಗೆ ಬಾಯಿಟ್ಟಳು.

"ಅಮ್ಮ, ಅವಳು ನಿಜವಾಗ್ಲೂ ಇಲ್ಲ. ಆದ್ರೆ ಅವಳಿಗೆ ಹೇಳ್ಬೇಡ, ಬೇಜಾರು ಮಾಡ್ಕೋತಾಳೆ."

ಹೇಳಲ್ಲ ಎಂದು ಮಾತು ಕೊಟ್ಟೆ.

ಜೂನ್ ತಿಂಗಳಲ್ಲಿ ದೊಡ್ಡ ಶಾಲೆ ಶುರುವಾಯಿತು, ಬಸ್ಸಿನಲ್ಲಿ ಹೊಸ ಗೆಳತಿಯರು ಸಿಕ್ಕರು. ಒಂದು ಸಂಜೆ ನಾನೇ ವಿಚಾರಿಸಿದೆ, ಅವಳಿಗೆ ತಿಂಡಿ ಬೇಡವಾ ಎಂದು. ಮಗಳು ಟಿವಿಯಿಂದ ಕಣ್ಣು ತೆಗೆಯದೆ, ಅವಳು ಹೊರಟುಹೋದಳು ಎಂದಳು, ಹಿಂದಿಯಲ್ಲಿ. ಎಲ್ಲಿಗೆ ಎಂದದ್ದಕ್ಕೆ ಟಿವಿಯ ಸದ್ದು ಜಾಸ್ತಿ ಮಾಡಿದಳು.

ಮಾರನೆಯ ಮಧ್ಯಾಹ್ನ ಬಾಲ್ಕನಿಯಲ್ಲಿ ಬಟ್ಟೆ ಒಣಹಾಕಿ ಮುಗಿದರೂ ಒಳಗೆ ಬರಲು ಮನಸ್ಸಾಗಲಿಲ್ಲ. ಮಷೀನಿನ ಹಿಂದಿನ ಸಂದಿಯತ್ತ ಬಗ್ಗಿ ಊಟ ಆಯ್ತಾ ಎಂದು ಕೇಳಿದೆ, ನನಗೇ ಕೇಳಿಸದಷ್ಟು ಮೆಲ್ಲಗೆ. ಮತ್ತೆ ಹಾಗೆ ಕೇಳಲಿಲ್ಲ.

ಮಗಳೀಗ ಹತ್ತನೇ ಕ್ಲಾಸು. ಮೊನ್ನೆ ಇದನ್ನೆಲ್ಲ ಅವಳಿಗೆ ಹೇಳಿದೆ. ಕುತೂಹಲದಿಂದಲೇ ಕೇಳಿದಳು, ಆದರೆ ಒಂದೂ ನೆನಪಿಲ್ಲವಂತೆ.

"ಅಮ್ಮ, ನೀನೇ ಇಮ್ಯಾಜಿನ್ ಮಾಡಿರ್ಬೇಕು," ಎಂದಳು, ತಡವರಿಸುವ ಕನ್ನಡದಲ್ಲಿ.

ಇಲ್ಲ ಎನ್ನಬೇಕೆಂದಿದ್ದೆ. ಅಷ್ಟರಲ್ಲಿ ಟ್ಯೂಷನ್ನಿಗೆ ಹೊತ್ತಾಯಿತೆಂದು ಬ್ಯಾಗ್ ಹೆಗಲಿಗೇರಿಸಿ ಹೊರಟಳು. ಆ ಹುಡುಗಿಯನ್ನು ಬಲ್ಲವಳು ಈಗ ನಾನೊಬ್ಬಳೇ.