ಛತ್ರಿ ಕಡ್ಡಿಯ ಕೊಕ್ಕೆ

ತುಕಾರಾಮಣ್ಣ ನಕ್ಕರೆ ಮಗ್ಗಗಳ ಸದ್ದಿನಲ್ಲೂ ಕೇಳುತ್ತಿತ್ತು. ಎಲೆಯಡಿಕೆಯಿಂದ ಕೆಂಪಾದ ಬಾಯನ್ನು ಪೂರ್ತಿ ತೆರೆದು ನಗುವವ. ಆ ಬಾಯಿಯೇ ಅವನ ಅನ್ನಕ್ಕೆ ಅಡ್ಡ ಬಂತು.

ಸೋಲಾಪುರದ ಬಟ್ಟೆ ಗಿರಣಿ ಮುಚ್ಚಿದ ಮೇಲೆ ಹೆಂಡತಿಯ ತವರು ಸಾಲಹಳ್ಳಿಗೆ ಬಂದಿದ್ದ. ಅಲ್ಲಿಂದ ಕೆಲಸ ಹುಡುಕಿಕೊಂಡು ರಾಮದುರ್ಗಕ್ಕೆ. ಎಪ್ಪತ್ತರ ದಶಕದಲ್ಲಿ ನಮ್ಮೂರಿನಲ್ಲಿ ಕೈಮಗ್ಗ ಬಿಚ್ಚಿ ಪವರ್‌ಲೂಮ್ ಹಾಕುವ ಅವಸರ, ನೇಯುವವರು ಸಾಲುತ್ತಿರಲಿಲ್ಲ. "ಕೈಕಾಲು ಗಟ್ಟಿ ಇದ್ದವ್ರು ಯಾರರ ಇದ್ರ ಕರಕೊಂಡ ಬರ್ರಿ" ಎಂದು ನಾನು ನೇಯುತ್ತಿದ್ದ ಕಾರಖಾನೆಯ ಸಾವಕಾರರು ಕಂಡಕಂಡವರಿಗೆ ಹೇಳುತ್ತಿದ್ದರು. ತುಕಾರಾಮಣ್ಣ ಬಂದಾಗ ಹೆಸರು ಕೇಳಿದರು, ಅಡ್ಡಹೆಸರು ಕೇಳಿದರು, ಕೈಗೆ ಕಸಬರಿಗೆ ಕೊಟ್ಟರು. ಅವನ ಮನೆಯವರು ಬುದ್ಧನ ಹಾದಿ ಹಿಡಿದು ಎಷ್ಟೋ ವರ್ಷವಾಗಿತ್ತು. ಸಾವಕಾರರಿಗೆ ಹಳೆಯ ಜಾತಿಯೊಂದೇ ನೆನಪಿತ್ತು.

"ಮಗ್ಗ ನಡಸಾಕ ಬರ್ತೈತ್ರಿ ನನಗ. ಒಮ್ಮೆ ನೋಡ್ರಿ," ಎಂದು ಅವನು ಕೇಳುತ್ತಲೇ ಇದ್ದ.

ಒಂದು ದಿನ ನನ್ನ ಪಕ್ಕದ ಮಗ್ಗದವನಿಗೆ ಜ್ವರ. ತುಕಾರಾಮಣ್ಣ ಯಾರನ್ನೂ ಕೇಳದೆ ಅಲ್ಲಿ ನಿಂತ. ನೇಯ್ಗೆ ಚೆನ್ನಾಗಿಯೇ ಬಂತು. ನೂಲು ಮುಗಿದಾಗ, ನಾವೆಲ್ಲ ಮಾಡುವಂತೆ, ಲಾಳಿಗೆ ನೂಲು ಸುತ್ತಿದ ಹೊಸ ಕಂಡಿಕೆ ಹಾಕಿ, ಲಾಳಿಯ ತೂತಿಗೆ ಬಾಯಿಟ್ಟು ಎಳೆಯ ತುದಿಯನ್ನು ಹೀರಿ ಹೊರತೆಗೆದ. ಒಂದೇ ಲಾಳಿಗೆ ಎರಡೂ ಪಾಳಿಯವರು ಬಾಯಿಡಬೇಕು. ಸುತ್ತಲಿನ ಮಗ್ಗಗಳು ನಿಂತವು.

"ಬಾಯಿ ಹಚ್ಚಿದ್ಯೇನೋ ತುಕ್ಯಾ! ನಾಳೆ ಮಂದಿ ಕೆಲಸಕ್ಕ ಬರ್ತಾರೇನೋ?" ಸಾವಕಾರರು ಕೂಗಾಡಿ, ಆ ಲಾಳಿಯನ್ನು ನೂಲಿನ ಗಂಜಿ ಕಾಯಿಸುವ ಒಲೆಗೆ ಹಾಕಿಸಿದರು.

ಬೇರೆಯವನಾಗಿದ್ದರೆ ಅಂದೇ ಕಸಬರಿಗೆ ಎಸೆದು ಹೋಗುತ್ತಿದ್ದ. ಇವನು ಮುರಿದ ಛತ್ರಿಯ ಕಡ್ಡಿಯನ್ನು ತಿಕ್ಕಿ, ಬಗ್ಗಿಸಿ, ಸಣ್ಣ ಕೊಕ್ಕೆ ಮಾಡಿಕೊಂಡು ಬಂದ. ಲಾಳಿಯ ತೂತಿನಲ್ಲಿ ತೂರಿಸಿದರೆ ಎಳೆ ತಾನೇ ಸಿಕ್ಕಿ ಹೊರಬರುತ್ತಿತ್ತು.

"ಬಾಯಿದ ತಕರಾರಲ್ರಿ? ಈಗ ಬಾಯಿ ಬ್ಯಾಡ್ರಿ. ಒಂದು ಮಗ್ಗ ಕೊಡ್ರಿ," ಎಂದ.

ಸಾವಕಾರರು ಕೊಕ್ಕೆಯನ್ನು ತಿರುಗಿಸಿ ತಿರುಗಿಸಿ ನೋಡಿದರು. "ಭಾರಿ ತಲಿ ಐತಲ್ಲೋ ನಿಂದು! ಎಲ್ಲಾರಿಗೂ ಒಂದೊಂದು ಮಾಡಿಕೊಡು." ಮಾಡಿಕೊಟ್ಟ. ನಮ್ಮ ಬಾಯಿಗೆ ನೂಲಿನ ಧೂಳು ಹೋಗುವುದು ತಪ್ಪಿತು. ಅವನ ಕೊಕ್ಕೆಯನ್ನು ಯಾರೂ ಒಲೆಗೆ ಹಾಕಲಿಲ್ಲ.

ಅಷ್ಟರಲ್ಲಿ ಒಂದು ಮಗ್ಗ ಖಾಲಿಯಾಯಿತು. ಅದಕ್ಕೆ ಸಾವಕಾರರ ಅಳಿಯ ಬಂದ, ಲಾಳಿಯ ಹಿಂದು ಮುಂದು ಗೊತ್ತಿಲ್ಲದವ. ಅವನಿಗೆ ಕೊಕ್ಕೆ ಹಿಡಿಯುವುದನ್ನು ಕಲಿಸಬೇಕೆಂದು ತುಕಾರಾಮಣ್ಣನಿಗೇ ಅಪ್ಪಣೆಯಾಯಿತು. ಎಂಥ ನಾಚಿಕೆಗೇಡಿ ಮಂದಿ! ತುಕಾರಾಮಣ್ಣ ಅಳಿಯನಿಂದ ಎರಡು ಮಾರು ದೂರ ನಿಂತು ಕಲಿಸಿದ. ಮರುದಿನ ಬರಲಿಲ್ಲ.

ಕೊನೆಯ ಸಲ ಅವನನ್ನು ಕಂಡದ್ದು ಬಸ್‌ಸ್ಟ್ಯಾಂಡಿನಲ್ಲಿ. ಬೈಲಹೊಂಗಲಕ್ಕೆ ಹೊರಟಿದ್ದ, ಹತ್ತಿ ಗಿರಣಿಯಲ್ಲಿ ಅರಳೆ ಅಂಡಿಗೆ ಹೊರಲು.

"ಅಣ್ಣಾ, ನಿನ್ನ ಕೊಕ್ಕಿ ನನ್ನ ಕಡೆ ಐತಿ. ಬೇಕೇನು?" ಎಂದೆ.

"ಇರ್ಲಿ ಬಿಡು ತಮ್ಮಾ. ಮೈಲಿಗಿ ನನಗಷ್ಟ ಐತಿ, ನಾ ಮಾಡಿದ್ದಕ್ಕಿಲ್ಲ."

ಹಾಗೆಂದು ನಕ್ಕ. ನಗುವಾಗ ಬಾಯಿಗೆ ಕೈ ಅಡ್ಡ ಹಿಡಿದಿದ್ದ.